ರಕ್ತಕ್ಕೆ ಇಸ್ತ್ರಿ

ಟೇಪಕ್ಕನನ್ನು ಮೊದಲ ಸಲ ಕಂಡಾಗ ನಾನು ಆಕೆ ವಿಮಾ ಕಂಪನಿಯ ಏಜೆಂಟ್ ಎಂದುಕೊಂಡಿದ್ದೆ. ನನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು. ಬೀದಿಗೆ ಹೊಸದಾಗಿ ಬಂದಿದ್ದೆ. ನನಗೂ ನನ್ನ ಪ್ಯಾಂಟುಗಳಿಗೂ ಕೆಲವು ತಿಂಗಳಿಂದ ಹೊಂದಾಣಿಕೆ ತಪ್ಪಿತ್ತು. ಸೊಂಟ ಸ್ವಲ್ಪ ಬಿಡಿಸಿಕೊಳ್ಳೋಣವೆಂದು ಮೂಲೆಯ ಹೊಲಿಗೆ ಅಂಗಡಿಗೆ ಹೋದರೆ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ, ತುಟಿಗಳ ನಡುವೆ ಗುಂಡುಸೂಜಿಗಳನ್ನು ಸಾಲಾಗಿ ಕಚ್ಚಿಕೊಂಡ ಹೆಂಗಸೊಬ್ಬರು ನನ್ನನ್ನು ಒಂದು ಸುತ್ತು ಹಾಕಿದರು. ಟೇಪಿನ ಎರಡು ತುದಿಗಳಿಗೆ ಪರಸ್ಪರ ಭೇಟಿ ಮಾಡಿಸಲು ಹೆಣಗುತ್ತಲೇ, ಹವಾ ಹೇಗಿದೆ ಎಂದು ವಿಚಾರಿಸುವ ಧಾಟಿಯಲ್ಲಿ ಕೇಳಿದರು:

“ನಿಮ್ಮ ತಂದೆ ಹೇಗೆ ತೀರಿಕೊಂಡ್ರು?”

“ಇನ್ನೂ ಇಲ್ಲ. ಮನೇಲಿ ಪೇಪರ್ ಓದ್ತಾ ಇದಾರೆ.”

“ಒಳ್ಳೇದು,” ಎಂದರು, ಸ್ವಲ್ಪ ನಿರಾಸೆಯಿಂದಲೇ. “ತಾತ?”

“ಅವರು ಹೋಗಿ ಬಹಳ ವರ್ಷ ಆಯ್ತು.”

“ನಿಂತ ಹಾಗೇ ಬಿದ್ರಾ, ಮಲಗಿದ ಕಡೆ ಹೋದ್ರಾ? ಒಂದು ಕೈ ಸ್ವಾಧೀನ ತಪ್ಪಿತ್ತಾ? ಮಾತು ತೊದಲ್ತಿತ್ತಾ?”

ಇಷ್ಟು ಶ್ರದ್ಧೆಯಿಂದ ಬೇರೆಯವರ ಸಾವನ್ನು ವಿಚಾರಿಸುವವರು ಲೋಕದಲ್ಲಿ ಒಂದೇ ಕಸುಬಿನವರು. “ನೋಡಿಮ್ಮ, ನನ್ನ ಹತ್ರ ಆಗ್ಲೇ ಎರಡು ಪಾಲಿಸಿ ಇದೆ. ಮೂರನೇದು ಕಟ್ಟೋ ಶಕ್ತಿ ಇಲ್ಲ,” ಎಂದೆ.

ಆಕೆ ಸೂಜಿಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡರು. “ನಿಮ್ಮ ಪಾಲಿಸಿ ಯಾರಿಗೆ ಬೇಕು ಸ್ವಾಮಿ? ನಂಗೆ ನಿಮ್ಮ ರಕ್ತ ಬೇಕು. ಅಲ್ಲಾಡ್ಬೇಡಿ, ಚುಚ್ಚುತ್ತೆ.”

ಹೀಗೆ ನಮ್ಮ ಪರಿಚಯವಾಯಿತು.

ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಗೋಡೆಗೆ ಒರಗಿ ಮೂರು ಹೊಲಿಗೆ ಯಂತ್ರಗಳು, ಕಿಟಕಿಯ ಬೆಳಕಿಗೆ ಬಟ್ಟೆ ಕತ್ತರಿಸುವ ಮೇಜು, ಹಿಂದೆ ಇಸ್ತ್ರಿಯ ಕೋಣೆ, ಅಲ್ಲಿಂದ ಆಗಾಗ ಬುಸ್ಸೆಂದು ಬರುವ ಆವಿ. ಎದುರಿಗೊಂದು ನಿಲುವುಗನ್ನಡಿ. ಅದು ಸ್ವಲ್ಪ ಹಿಂದಕ್ಕೆ ವಾಲಿದ್ದರಿಂದ ಅದರಲ್ಲಿ ಎಲ್ಲರೂ ತೆಳ್ಳಗೆ ಕಾಣುತ್ತಿದ್ದರು. ಆ ಅಂಗಡಿಗೆ ಜನ ಮತ್ತೆ ಮತ್ತೆ ಬರುತ್ತಿದ್ದುದಕ್ಕೆ ಹೊಲಿಗೆಯೊಂದೇ ಕಾರಣವಲ್ಲ ಎಂಬುದು ನನ್ನ ಗುಮಾನಿ.

ಅಳತೆ ತೆಗೆದು ಹೊಲಿಯುವುದು ಟೇಪಕ್ಕನ ಕೆಲಸ. ಕತ್ತರಿಸುವುದು ಅವರ ತಮ್ಮನ ಕೆಲಸ. ಅವನನ್ನು ಬೀದಿಗೆ ಬೀದಿಯೇ ಕತ್ತರಿ ಎಂದು ಕರೆಯುತ್ತಿತ್ತು. ಇಸ್ತ್ರಿಯ ಕೋಣೆಯ ಅಧಿಪತಿ ಅವರ ಸೋದರಮಾವ, ಎಲ್ಲರಿಗೂ ಮಾಸ್ಟರ್ ಮಾವ. ಯಾವುದೋ ಕಾಲದಲ್ಲಿ ಯಾರೋ ದೊಡ್ಡ ಮನುಷ್ಯರಿಗೆ ಅವರೊಂದು ಕೋಟು ಹೊಲಿದಿದ್ದರಂತೆ. ಆ ದೊಡ್ಡ ಮನುಷ್ಯರು ಯಾರು ಎಂಬುದು ಕೇಳುವವರಿಗೆ ತಕ್ಕ ಹಾಗೆ ಬದಲಾಗುತ್ತಿತ್ತು; ಕೋಟಿನ ಕಾಲರು ಮಾತ್ರ ಯಾವತ್ತೂ ಬದಲಾಗಲಿಲ್ಲ. “ಅಂಥ ಕಾಲರ್ ಕೂರಿಸೋ ಕೈ ಈಗ ಎಲ್ಲಿದೆ?” ಎನ್ನುತ್ತ ತಮ್ಮ ಬಲಗೈಯನ್ನೇ ನೋಡಿಕೊಳ್ಳುವರು.

ನಾನು ಬೀದಿಗೆ ಬರುವ ಮೊದಲು ಕತ್ತರಿ ಬಿದ್ದದ್ದು ಆ ಕತ್ತರಿಸುವ ಮೇಜಿನ ಬಳಿಯೇ. ಇನ್ನೂ ನಲವತ್ತು ದಾಟದ ಆಳು. ಶರ್ಟಿನ ಬೆನ್ನು ಕತ್ತರಿಸುತ್ತಿದ್ದವನು “ಅಕ್ಕಾ, ಎದೆ ಮೇಲೆ ಯಾರೋ ಕೂತ ಹಾಗಿದೆ” ಎಂದು ಕುಸಿದ. ಆಸ್ಪತ್ರೆಗೆ ಹೊತ್ತೊಯ್ದರು. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸ್ಟೆಂಟ್ ಹಾಕಿ, ಮತ್ತೆ ಹೆಪ್ಪುಗಟ್ಟದಿರಲಿ ಎಂದು ಎರಡು ಬಗೆಯ ಮಾತ್ರೆ ಕೊಟ್ಟು, ಒಂದು ದಿನವೂ ತಪ್ಪಿಸಬಾರದು ಎಂದು ಹೇಳಿ ಕಳಿಸಿದರು. ತಪ್ಪಿಸುವುದಕ್ಕೆ ಟೇಪಕ್ಕ ಬಿಡಬೇಕಲ್ಲ? ಬೆಳಿಗ್ಗೆ ಮಾತ್ರೆ ನುಂಗಿಸಿ, ನೀರು ಕುಡಿಸಿ, “ಬಾಯಿ ತೆಗಿ. ನಾಲಿಗೆ ಎತ್ತು,” ಎಂದು ಒಳಗೆ ಇಣುಕಿ ನೋಡಿಯೇ ಅಂಗಡಿಯ ಬಾಗಿಲು ತೆರೆಯುತ್ತಿದ್ದರು. ಗಿರಾಕಿಗಳ ಎದುರಿಗೂ ಇದು ನಡೆಯುತ್ತಿತ್ತು. “ನಾನೇನು ಪಾಪುನಾ ಅಕ್ಕ?” ಎಂದು ಅವನು ರೇಗುವನು. “ಪಾಪು ಆಗಿದ್ರೆ ಕೆನ್ನೆ ಹಿಂಡಿ ನುಂಗಿಸ್ತಿದ್ದೆ. ಎತ್ತು ನಾಲಿಗೆ.”

ಇಷ್ಟಾಗಿಯೂ ಅವನಿಗೆ ಎರಡನೆಯ ಸಲ ಹೆಪ್ಪುಗಟ್ಟಿತು.

ಆ ಸಲ ಆಸ್ಪತ್ರೆಯ ಹಿರಿಯ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, “ಮಾತ್ರೆ ಸರಿಯಾಗಿ ತಗೊಂಡಿಲ್ಲ ಅನ್ಸುತ್ತೆ,” ಎಂದರು.

“ನಾನೇ ನಾಲಿಗೆ ಎತ್ತಿಸಿ ನೋಡಿದೀನಿ ಡಾಕ್ಟ್ರೇ.”

“ಎಲ್ಲರೂ ಹಾಗೇ ಹೇಳ್ತಾರಮ್ಮ. ಈ ಮಾತ್ರೆ ಬಹುಪಾಲು ಜನಕ್ಕೆ ಕೆಲಸ ಮಾಡುತ್ತೆ.”

“ಬಹುಪಾಲು ಅಂದ್ರೆ ಯಾರು? ಅದರಲ್ಲಿ ನಾವಿದೀವಾ?”

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಮುಂದಿನ ರೋಗಿಯ ಚೀಟಿ ಎತ್ತಿಕೊಂಡರು. ಉತ್ತರ ಕೊಟ್ಟವರು ಅದೇ ಕೋಣೆಯ ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬ ಡಾಕ್ಟರಮ್ಮ. ಆಕೆ ರೋಗಿಗಳನ್ನು ನೋಡುವವರಲ್ಲ, ಸಂಶೋಧನೆಯವರು. ಟೇಪಕ್ಕನನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋಗಿ ವಿವರಿಸಿದರು. ಟೇಪಕ್ಕ ಅದನ್ನು ನನಗೆ ವಿವರಿಸಿದ್ದು ಹೀಗೆ:

“ರಕ್ತದಲ್ಲಿ ಪ್ಲೇಟ್‌ಲೆಟ್ ಅಂತ ಇರುತ್ತಲ್ಲ, ಜ್ವರ ಬಂದಾಗ ಕಡಿಮೆ ಆಯ್ತು ಅಂತ ಎಲ್ಲರೂ ಬಾಯಿ ಬಡ್ಕೊತಾರಲ್ಲ, ಅದೇ. ಅವು ಬೀದಿ ಜನ ಇದ್ದ ಹಾಗೆ. ಎಲ್ಲೋ ಗಾಯ ಆಯ್ತು, ಯಾರೋ ಕೂಗಿದ್ರು ಅಂದ್ರೆ ಓಡಿ ಬಂದು ಗುಂಪು ಕಟ್ಟಿ ರಕ್ತ ನಿಲ್ಲಿಸ್ತವೆ. ಆ ಕೂಗು ಕೇಳಿಸ್ಕೊಳ್ಳೋಕೆ ಅವುಕ್ಕೆ ಕಿವಿ ಇದಾವೆ, ಒಂದಲ್ಲ, ಹಲವು ಥರ. ಕೆಲವರ ರಕ್ತದಲ್ಲಿ ಅದರಲ್ಲೊಂದು ಕಿವಿ ಹುಟ್ಟಿದಾಗಿಂದಲೇ ಜಾಸ್ತಿ ಚುರುಕು. ಚಮಚ ಬಿದ್ರೂ ಸಾಕು, ಬೀದಿ ಪೂರಾ ಬಂದು ಬಾಗಿಲಲ್ಲಿ ನಿಂತ್ಕೊಳ್ಳುತ್ತೆ. ದಾರಿ ಬಂದ್. ನನ್ನ ತಮ್ಮನಿಗೆ ಕೊಟ್ಟ ಮಾತ್ರೆ ಬೇರೆ ಕಿವಿಗಳಿಗೆ ಹತ್ತಿ ಇಡುತ್ತೆ. ಈ ಕಿವಿ ತೆರೆದೇ ಇರುತ್ತೆ.”

ಕಿವಿಯ ವಿಷಯ ಡಾಕ್ಟರಮ್ಮನದು. ಚಮಚದ ವಿಷಯ ಟೇಪಕ್ಕನದು.

ಆ ಚುರುಕು ಕಿವಿ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬೇರೆಯಾಗುವುದರಿಂದ ಬರುತ್ತದಂತೆ. ಕೆಲವು ಜನಸಮುದಾಯಗಳಲ್ಲಿ ಅದು ಸಾಮಾನ್ಯ, ಕೆಲವರಲ್ಲಿ ಅಪರೂಪ. ಈ ಭಾಗದ ಜನರಲ್ಲಿ ಎಷ್ಟು ಎಂದು ಯಾರೂ ಸರಿಯಾಗಿ ನೋಡಿಯೇ ಇಲ್ಲ. ಮಾತ್ರೆಗಳ ಪರೀಕ್ಷೆಯೆಲ್ಲ ಹೆಚ್ಚಾಗಿ ಬೇರೆ ಕಡೆಯವರ ಮೇಲೆ ನಡೆದದ್ದು. ಅದನ್ನು ನೋಡಲೆಂದೇ ಡಾಕ್ಟರಮ್ಮನ ತಂಡ ಯಂತ್ರಗಳನ್ನು ವ್ಯಾನಿಗೆ ತುಂಬಿಕೊಂಡು ಊರೂರು ಸುತ್ತಲು ಹೊರಟಿತ್ತು. ಸಾಕಷ್ಟು ಜನ ಒಪ್ಪಿದ ಊರಿಗೆ ಮಾತ್ರ ವ್ಯಾನು ಬರುತ್ತದೆ. ರಕ್ತವನ್ನು ಫ್ರಿಜ್ಜಿನಲ್ಲಿಟ್ಟು ಕಳಿಸುವಂತಿಲ್ಲ. ತಣ್ಣಗಾದರೆ ಪ್ಲೇಟ್‌ಲೆಟ್ ಕೆಡುತ್ತವೆ, ಜೋರಾಗಿ ಕುಲುಕಿದರೂ ಕೆಡುತ್ತವೆ. ತೆಗೆದ ಕೆಲವೇ ಗಂಟೆಗಳಲ್ಲಿ ಅಲ್ಲೇ ಪರೀಕ್ಷೆಯಾಗಬೇಕು.

“ಈ ಕಿವಿ ಅವನದೊಬ್ಬನದಾ, ನಿಮ್ಮ ಮನೆತನದ್ದಾ ಅಂತ ಗೊತ್ತಾಗ್ಬೇಕು,” ಎಂದಿದ್ದರು ಡಾಕ್ಟರಮ್ಮ. “ಅಕ್ಷರ ಸಿಕ್ಕಿಬಿಡುತ್ತೆ. ಆದ್ರೆ ಆ ಅಕ್ಷರದಿಂದ ನಿಮ್ಮವರ ರಕ್ತ ನಿಜವಾಗ್ಲೂ ಹಾಗೆ ಗುಂಪು ಕಟ್ಟುತ್ತೆ ಅಂತ ತೋರಿಸ್ಬೇಕಾದ್ರೆ, ಇಂಥ ಯಾವ ಮಾತ್ರೆನೂ ತಗೊಳ್ದೇ ಇರೋ ರಕ್ತಸಂಬಂಧಿಗಳ ತಾಜಾ ರಕ್ತ ಬೇಕು. ಅದಿಲ್ದೆ ಹಿರಿಯ ಡಾಕ್ಟ್ರು ಔಷಧಿ ಬದಲಾಯಿಸಲ್ಲ. ಬದಲಾಯಿಸೋದೂ ತಮಾಷೆಯಲ್ಲ.”

ಅಷ್ಟರವರೆಗೆ ಕತ್ತರಿ ಅದೇ ಮಾತ್ರೆ ನುಂಗುತ್ತ, ಮೂರನೆಯ ಹೆಪ್ಪು ಯಾವಾಗ ಬಂದೀತೆಂದು ಕಾಯುತ್ತ ಕೂರಬೇಕು. ಟೇಪಕ್ಕನಿಗೆ ಕಾಯುವ ಅಭ್ಯಾಸವಿರಲಿಲ್ಲ. ಹೇಳಿದ ದಿನಕ್ಕೆ ಬಟ್ಟೆ ಕೊಡುವ ಏಕೈಕ ದರ್ಜಿ ಆಕೆ. ಆ ಕಸುಬಿನ ಉಳಿದವರು ಇದನ್ನು ವಿಚಿತ್ರ ಕಾಯಿಲೆ ಎಂದು ಭಾವಿಸುತ್ತಿದ್ದರು.

ವ್ಯಾನು ಬರಬೇಕಾದರೆ ಜನ ಬೇಕು. ಜನ ಹಿಡಿಯುವುದಕ್ಕೆ ಹೊಲಿಗೆ ಅಂಗಡಿಗಿಂತ ಒಳ್ಳೆಯ ಬೋನು ಇನ್ನೊಂದಿಲ್ಲ. ಎರಡೂ ಕೈ ಅಗಲಿಸಿ, ತೋಳಿನ ತುಂಬ ಗುಂಡುಸೂಜಿ ಚುಚ್ಚಿಸಿಕೊಂಡು, ಒಂದು ಕಾಲಿಗೆ ಮಾತ್ರ ಮಡಿಕೆ ಹಾಕಿದ ಪ್ಯಾಂಟು ತೊಟ್ಟು ನಿಂತವನು ಎಷ್ಟೇ ದೊಡ್ಡವನಾಗಿರಲಿ, ಎಲ್ಲಿಗೆ ಓಡುತ್ತಾನೆ? ಬ್ಯಾಂಕಿನ ಮ್ಯಾನೇಜರು “ಯೋಚನೆ ಮಾಡಿ ಹೇಳ್ತೀನಿ” ಎಂದರು. “ಯೋಚನೆ ಮಾಡಿ, ನಾನೇನೂ ಅವಸರ ಮಾಡಲ್ಲ,” ಎಂದು ಟೇಪಕ್ಕ ಸೂಜಿಗಳನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಚಹಾ ಕುಡಿದು ಬಂದರು. ಅಷ್ಟರಲ್ಲಿ ಮ್ಯಾನೇಜರು ಯೋಚಿಸಿ ಮುಗಿಸಿದ್ದರು. ಹೈಸ್ಕೂಲಿನ ಹೆಡ್‌ಮಾಸ್ತರರು, “ನನ್ನ ರಕ್ತ ಸಾಮಾನ್ಯ ರಕ್ತ ಅಲ್ಲಮ್ಮ, ನಲವತ್ತು ವರ್ಷದಿಂದ ಬೆಳಿಗ್ಗೆ ತಣ್ಣೀರು ಸ್ನಾನ,” ಎಂದರು. “ಹಂಗಾದ್ರೆ ಬೇಕೇ ಬೇಕು ಸಾರ್,” ಎಂದರು ಟೇಪಕ್ಕ. ಕಸಾಯಿ ಅಂಗಡಿಯವನು, “ರಕ್ತ ಅಂದ್ರೆ ನಂಗೇನು ಹೊಸದಾ? ಎಷ್ಟು ಬೇಕು ತಗೊಳ್ಳಿ,” ಎಂದು ಎದೆ ತಟ್ಟಿಕೊಂಡ.

ಹೀಗೆ ವ್ಯಾನು ಬಂತು. ಅದಕ್ಕೆ ಜಾಗ ಸಿಕ್ಕಿದ್ದು ಅಂಗಡಿಯ ಪಕ್ಕದ ಖಾಲಿ ಗೋದಾಮಿನಲ್ಲಿ. ಮೊದಲ ದಿನ ಬೀದಿಯವರ ಸರದಿ. ಕಸಾಯಿಯವನು ತನ್ನದೇ ರಕ್ತ ಸಣ್ಣ ಕೊಳವೆಗೆ ಹರಿಯುವುದನ್ನು ಕಂಡು ಮೂರ್ಛೆ ಹೋದ. ಅವನನ್ನು ಎತ್ತಲು ನಾಲ್ಕು ಜನ ಬೇಕಾಯಿತು. ನಾನೂ ಕೊಟ್ಟೆ. ಕೊಟ್ಟಾದ ಮೇಲೆ, ಹಿಂದಿನ ದಿನ ತಲೆನೋವಿಗೆ ಒಂದು ಮಾತ್ರೆ ನುಂಗಿದ್ದು ನೆನಪಾಗಿ ಹೇಳಿದೆ. ನೋವಿನ ಮಾತ್ರೆಯೂ ಪ್ಲೇಟ್‌ಲೆಟ್‌ಗಳನ್ನು ಮಲಗಿಸುತ್ತದೆ, ಹತ್ತು ದಿನ ಅದನ್ನು ಮುಟ್ಟಬಾರದು ಎಂದು ಟೇಪಕ್ಕ ಮನೆಮನೆಗೂ ಸಾರಿದ್ದರು. ಡಾಕ್ಟರಮ್ಮ ಸೌಜನ್ಯದಿಂದ ನಕ್ಕರು, ಟೇಪಕ್ಕ ನಗಲಿಲ್ಲ.

ಎರಡನೆಯ ದಿನ ಟೇಪಕ್ಕನ ಕುಟುಂಬದ್ದು. ಚಿಕ್ಕಮ್ಮಂದಿರು, ಅವರ ಮಕ್ಕಳು, ಮಾವನ ಮಕ್ಕಳು, ಎಲ್ಲರಿಗೂ ಮುಂದೆ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಮಾಸ್ಟರ್ ಮಾವ. ಮೊದಲು ಈ ಪರೀಕ್ಷೆಗೆ ಅವರು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. “ನಮ್ಮ ಪೂರ್ವಜರು ಹಡಗಲ್ಲಿ ಬಂದವರು. ಈ ಊರವರ ಜೊತೆ ನಮ್ಮನ್ನ ಹೇಗೆ ಸೇರಿಸ್ತಾರೆ?” ಎಂದಿದ್ದರು. “ಹಡಗಲ್ಲಿ ಬಂದ್ರೋ ತೆಪ್ಪದಲ್ಲಿ ಬಂದ್ರೋ, ನಿಮ್ಮಕ್ಕ ಸತ್ತಿದ್ದು ಈ ಯಂತ್ರದ ಮುಂದೆ, ಪೆಡಲ್ ಮೇಲೆ ಕಾಲಿಟ್ಟುಕೊಂಡು,” ಎಂದಿದ್ದರು ಟೇಪಕ್ಕ. ಟೇಪಕ್ಕನ ಅಮ್ಮನ ಮಾತು ಬಂದ ಮೇಲೆ ಮಾವ ಹಡಗಿನಿಂದ ಇಳಿದರು. ಇಳಿದವರು ಇದ್ದಕ್ಕಿದ್ದಂತೆ ಅತ್ಯುತ್ಸಾಹ ತೋರಿಸಲು ಶುರುಮಾಡಿದರು. ನಮಗೆ ಆಗಲೇ ಅನುಮಾನ ಬರಬೇಕಿತ್ತು.

ಯಂತ್ರದ ಕೆಲಸ ಸರಳ. ಪ್ಲೇಟ್‌ಲೆಟ್ ತುಂಬಿದ ಮಬ್ಬು ದ್ರವಕ್ಕೆ ಕೂಗಿನಂಥ ಒಂದು ಔಷಧಿ ಹಾಕುತ್ತಾರೆ. ಪ್ಲೇಟ್‌ಲೆಟ್‌ಗಳು ಗುಂಪುಗೂಡಿದರೆ ದ್ರವ ತಿಳಿಯಾಗುತ್ತದೆ, ಪರದೆಯ ಮೇಲಿನ ಗೆರೆ ಏರುತ್ತದೆ. ಒಂದೊಂದು ಕಿವಿಗೂ ಒಂದೊಂದು ಔಷಧಿ. ಮೊದಲು ಮಾಮೂಲಿ ಕಿವಿಗಳನ್ನು ಕೂಗಿ ನೋಡುತ್ತಾರೆ, ಅವು ಎಚ್ಚರವಿದ್ದರೆ ಮಾತ್ರ ಚುರುಕು ಕಿವಿಯ ಸರದಿ. ಚಿಕ್ಕಮ್ಮನ ಗೆರೆ ಏರಲಿಲ್ಲ. ಅವರ ಮಗನದೂ ಏರಲಿಲ್ಲ. ಡಾಕ್ಟರಮ್ಮ ಔಷಧಿಯ ಬಾಟಲಿ ಬದಲಿಸಿ ನೋಡಿದರು, ಯಂತ್ರವನ್ನು ತಟ್ಟಿ ನೋಡಿದರು. ಸಂಜೆಯ ಹೊತ್ತಿಗೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು.

“ಇಡೀ ಕುಟುಂಬದ ಪ್ಲೇಟ್‌ಲೆಟ್ ನಿದ್ದೆ ಹೊಡೀತಾ ಇದೆ. ಒಬ್ಬರಿಬ್ಬರದಾದ್ರೆ ಸರಿ. ಇಷ್ಟು ಜನರದ್ದೂ ಒಂದೇ ಥರ ಅಂದ್ರೆ…”

“ಅಂದ್ರೆ ಒಳ್ಳೇದಲ್ವಾ?” ಇಸ್ತ್ರಿಯ ಕೋಣೆಯಿಂದ ಮಾಸ್ಟರ್ ಮಾವ ಹೊರಬಂದರು. ಮುಖದಲ್ಲಿ ಫಸ್ಟ್ ಕ್ಲಾಸಿನ ಕಳೆ. “ಎಲ್ಲರೂ ಪಾಸು ತಾನೆ?”

ಟೇಪಕ್ಕ ಹೊಲಿಗೆ ನಿಲ್ಲಿಸಿದರು. “ಮಾವ. ಏನ್ ಮಾಡಿದ್ರಿ?”

“ನಾನೇನು ಮಾಡ್ಲಿ?”

“ಮಾವ.”

ಮಾವ ಗಂಟಲು ಸರಿಮಾಡಿಕೊಂಡರು. “ಅಲ್ಲಮ್ಮ, ಟ್ರಯಲ್‌ಗೆ ಗಿರಾಕಿ ಬರ್ತಾರೆ ಅಂದ್ರೆ ನಾವು ಬಟ್ಟೇನ ಹಾಗೇ ಸುಕ್ಕುಸುಕ್ಕಾಗಿ ತೋರಿಸ್ತೀವಾ? ಒಂದು ಇಸ್ತ್ರಿ ಎಳೆದು ತೋರಿಸ್ತೀವಿ. ಇದೂ ಹಂಗೇ. ಡಾಕ್ಟ್ರೇ ಇವನಿಗೆ ರಕ್ತ ಸರಾಗ ಮಾಡೋ ಮಾತ್ರೆ ಕೊಟ್ಟಿದಾರೆ. ಮೆಡಿಕಲ್ ಸ್ಟೋರಲ್ಲಿ ಅದನ್ನೇ ತಂದು ಬೆಳಿಗ್ಗೆ ಎಲ್ಲರಿಗೂ ಒಂದೊಂದು ಕೊಟ್ಟೆ. ಮನೆತನದ ರಕ್ತ, ನಾಲ್ಕು ಜನ ನೋಡೋ ವಿಷಯ. ನಾಳೆ ಇವರ ರಕ್ತ ಸರಿ ಇಲ್ಲ ಅಂತ ಆದ್ರೆ ನನ್ನ ಮಗಳನ್ನ ಯಾರು ಮದುವೆ ಆಗ್ತಾರೆ?”

ಡಾಕ್ಟರಮ್ಮ ಅಷ್ಟು ವರ್ಷ ಓದಿದ ಪುಸ್ತಕಗಳಲ್ಲಿ ಎಲ್ಲಿಯೂ ರಕ್ತಕ್ಕೆ ಇಸ್ತ್ರಿ ಹಾಕುವ ಪ್ರಸ್ತಾಪ ಬಂದಿರಲಿಕ್ಕಿಲ್ಲ. ನನಗೆ ನಗು ಉಕ್ಕಿ ಬಂತು. ಅಷ್ಟರಲ್ಲಿ ಕತ್ತರಿಯ ಮುಖ ನೋಡಿದೆ. ಅವನು ಮೇಜಿನ ಮೇಲಿನ ಚಾಕ್‌ಪೀಸನ್ನು ಅತ್ತಿತ್ತ ಉರುಳಿಸುತ್ತ ತಲೆ ತಗ್ಗಿಸಿ ಕೂತಿದ್ದ. ನಗು ಅಲ್ಲೇ ಇಂಗಿತು.

“ಸುಕ್ಕು ನೋಡೋಕೇ ಬಂದಿದ್ರು ಮಾವ ಅವರು,” ಎಂದರು ಟೇಪಕ್ಕ. ದನಿ ಏರಿಸಲಿಲ್ಲ. ಏರಿಸಿದ್ದರೆ ಮಾವನಿಗೆ ಒಳ್ಳೆಯದಿತ್ತು. ಅವರು ಇಸ್ತ್ರಿಯ ಕೋಣೆಗೆ ಹೋದರು. ಬುಸ್ಸೆನ್ನುವ ಆವಿಯೂ ಆಮೇಲೆ ಕೇಳಿಸಲಿಲ್ಲ.

“ಈಗ ಏನ್ ಮಾಡೋದು ಡಾಕ್ಟ್ರಮ್ಮ?”

“ಆ ಮಾತ್ರೆ ತಾಗಿದ ಪ್ಲೇಟ್‌ಲೆಟ್ ಸಾಯೋವರೆಗೂ ಹಾಗೇ ಇರುತ್ತೆ. ಹಳೇವು ಹೋಗಿ ಹೊಸವು ಬರ್ಬೇಕು. ಅದಕ್ಕೇ ಹತ್ತು ದಿನ ಅನ್ನೋದು. ಆದ್ರೆ ನಾವು ನಾಳಿದ್ದು ಹೊರಡ್ಬೇಕು, ಮುಂದಿನ ಊರಲ್ಲಿ ಎಲ್ಲ ಗೊತ್ತಾಗಿದೆ.”

“ಹತ್ತು ದಿನ ಆದ್ಮೇಲೂ ಆ ಊರಲ್ಲೇ ಇರ್ತೀರಾ?”

“ಇರ್ತೀವಿ. ಆದ್ರೆ ದೂರ ಇದೆ. ನಿಮ್ಮ ಮನೆಯವರೆಲ್ಲ…”

“ಬರ್ತೀವಿ,” ಎಂದರು ಟೇಪಕ್ಕ. ಅಲ್ಲಿಗೆ ಮಾತು ಮುಗಿಯಿತು.

ಅದು ಶಾಲೆಗಳು ಶುರುವಾಗುವ ಸಮಯ. ಹೆಡ್‌ಮಾಸ್ತರರ ಶಾಲೆಯ ಸಮವಸ್ತ್ರದ ಕೆಲಸವೆಲ್ಲ ಟೇಪಕ್ಕನ ಅಂಗಡಿಯಲ್ಲಿ ರಾಶಿ ಬಿದ್ದಿತ್ತು. ಮರುದಿನ ಬೆಳಿಗ್ಗೆ ಆಕೆ ಆ ಬಟ್ಟೆಯ ಗಂಟುಗಳನ್ನು ತಾವೇ ಹೊತ್ತು ರಸ್ತೆ ದಾಟಿ, ವರ್ಷಗಳಿಂದ ಮಾತು ಬಿಟ್ಟಿದ್ದ ಎದುರಂಗಡಿಯ ದರ್ಜಿಯ ಮುಂದೆ ಇಳಿಸಿ ಬಂದರು. “ನಿನ್ನ ಕಾಜಾ-ಗುಂಡಿ ನೋಡಿದ್ರೆ ನನಗೆ ಕಣ್ಣು ಉರಿಯುತ್ತೆ. ಆದ್ರೂ ಹೊಲಿ. ಹೇಳಿದ ದಿನಕ್ಕೆ ಕೊಡು,” ಎಂದರಂತೆ. ಎದುರಂಗಡಿಯವನು ಇದನ್ನು ಕುತಂತ್ರವೆಂದು ತಿಳಿದು ಎರಡು ದಿನ ಗಂಟು ಬಿಚ್ಚಿಯೇ ಇರಲಿಲ್ಲ.

ಆಮೇಲೆ ನಡೆದದ್ದು ಮಾತ್ರೆಗಳ ಬೇಟೆ. ದರ್ಜಿಗಳ ಕುಟುಂಬ; ದಿನವಿಡೀ ಬಗ್ಗಿ ಕೂತು ಬೆನ್ನು, ಕತ್ತು, ಹೆಬ್ಬೆರಳು ಎಲ್ಲ ನೋಯುವವರು. ಟೇಪಕ್ಕ ಒಂದೊಂದು ಮನೆಗೂ ಹೋಗಿ ದಿಂಬಿನಡಿ, ಸೂಜಿಡಬ್ಬಿ, ದಾರದ ಬುಟ್ಟಿ ಎಲ್ಲ ಜಾಲಾಡಿ ನೋವಿನ ಮಾತ್ರೆಗಳನ್ನು ಚೀಲಕ್ಕೆ ತುಂಬಿಕೊಂಡು ಬಂದರು. ಡಾಕ್ಟರು ಬರೆದುಕೊಟ್ಟ ಔಷಧಿಗಳನ್ನು ಮಾತ್ರ ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದ ಮೇಲೆ ವಾಪಸು ಕೊಟ್ಟರು. ಕತ್ತರಿಯ ಮಾತ್ರೆಗೆ ಯಾರೂ ಕೈಹಚ್ಚುವಂತಿರಲಿಲ್ಲ. ಅವನ ನಾಲಿಗೆ ತಪಾಸಣೆ ಎಂದಿನಂತೆ ನಡೆದಿತ್ತು. ಮಾಸ್ಟರ್ ಮಾವನಿಗೆ ಮಂಡಿನೋವು. ಅವರು ಆ ದಿನಗಳಲ್ಲಿ ನರಳಿದ ಪರಿ ಕೇಳಿದರೆ ಇಡೀ ಜನಾಂಗದ ನೋವನ್ನು ಒಬ್ಬರೇ ಹೊತ್ತಂತಿತ್ತು. “ಒಂದೇ ಒಂದು ಕೊಡಮ್ಮ, ಅರ್ಧ ಕೊಡು.” “ಬಿಸಿನೀರು ಇದೆ ಮಾವ.” “ಕಾಲು ಭಾಗ?” “ಬಿಸಿನೀರು, ಕಾಲು ಪೂರ್ತಿ ಮುಳುಗೋ ಅಷ್ಟಿದೆ.”

ಹೊರಡುವ ಬೆಳಿಗ್ಗೆ ಬಾಡಿಗೆಯ ಬಸ್ಸು ಅಂಗಡಿಯ ಮುಂದೆ ನಿಂತಿತು. ಟೇಪಕ್ಕ ಮೆಟ್ಟಿಲ ಬಳಿ ನಿಂತು ಒಬ್ಬೊಬ್ಬರ ಜೇಬು ಮುಟ್ಟಿ, ಬಾಯಿ ತೆಗೆಸಿ ನೋಡಿ ಹತ್ತಿಸಿದರು. ನನ್ನ ಬಾಯಿಯನ್ನೂ ನೋಡಿದರು. ತಲೆನೋವಿನ ಪಾಪ ತೊಳೆದುಕೊಳ್ಳಲು ನಾನೂ ಹೊರಟಿದ್ದೆ. ಕೊನೆಗೆ ಬಂದ ಮಾವ, ಹೇಳುವ ಮೊದಲೇ ನಾಲಿಗೆ ಎತ್ತಿ ತೋರಿಸಿದರು. ಟೇಪಕ್ಕ ನೋಡಿ, “ಹತ್ತಿ,” ಎಂದರು. ಹತ್ತು ದಿನದಲ್ಲಿ ಬಿಸಿನೀರಿನ ಮಾತು ಬಿಟ್ಟರೆ ಮಾವನ ಜೊತೆ ಆಡಿದ ಮೊದಲ ಮಾತದು.

ಈ ಸಲ ಗೆರೆಗಳು ಏರಿದವು. ಚಿಕ್ಕಮ್ಮನದು ಸಮಾಧಾನವಾಗಿ ಏರಿತು, ಅವರ ಮಗನದು ಸ್ವಲ್ಪ ಚುರುಕಾಗಿ. ಮಾಸ್ಟರ್ ಮಾವನ ರಕ್ತಕ್ಕೆ ಅತಿ ಕಡಿಮೆ ಔಷಧಿ ಹಾಕಿದರೂ ಗೆರೆ ಸುಯ್ಯನೆ ಮೇಲಕ್ಕೆ ಜಿಗಿಯಿತು. ಡಾಕ್ಟರಮ್ಮ ಅದನ್ನು ಮತ್ತೆ ಮಾಡಿ ನೋಡಿದರು, ಮತ್ತೂ ಜಿಗಿಯಿತು.

ಕೊನೆಯದು ಕತ್ತರಿಯದು. ಮೊದಲು ಅವನ ಮಾತ್ರೆಗಳು ಮುಚ್ಚಬೇಕಾದ ಕಿವಿಗಳನ್ನು ಕೂಗಿ ನೋಡಿದರು. ಗೆರೆ ಮಲಗಿದಲ್ಲೇ ಮಲಗಿತ್ತು. “ನೋಡಿ,” ಎಂದರು ಡಾಕ್ಟರಮ್ಮ, “ಮಾತ್ರೆಗಳು ತಮ್ಮ ಕೆಲಸ ಮಾಡ್ತಾ ಇವೆ. ಇವರು ತಪ್ಪದೆ ತಗೊಳ್ತಿದಾರೆ.” ಆಮೇಲೆ ಇನ್ನೊಂದು ಕಿವಿಯ ಔಷಧಿ ಹಾಕಿದರು. ಗೆರೆ ಮಾವನದರಂತೆಯೇ ಎದ್ದು ನಿಂತಿತು.

ಟೇಪಕ್ಕ ಪರದೆಯ ಕಡೆಗೆ ನೋಡುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ, ಕೊರಳ ಟೇಪನ್ನು ಬಿಚ್ಚಿ ಸುರುಳಿ ಸುತ್ತುತ್ತಿದ್ದರು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದರು. ಆಮೇಲೆ, “ಮೊದಲನೇದನ್ನ ದೊಡ್ಡ ಡಾಕ್ಟ್ರಿಗೆ ಬರೆದುಕೊಡಿ. ತಪ್ಪದೆ ತಗೊಂಡಿದಾನೆ ಅಂತ. ದಪ್ಪ ಅಕ್ಷರದಲ್ಲಿ,” ಎಂದರು.

“ಅಕ್ಕ, ಬಿಡು,” ಎಂದ ಕತ್ತರಿ.

“ನೀನು ಸುಮ್ನಿರು.”

ಕೆಲವು ವಾರಗಳ ನಂತರ ವಂಶವಾಹಿಯ ಪರೀಕ್ಷೆಯೂ ಬಂತು. ಆ ಬೇರೆ ಅಕ್ಷರ ಕತ್ತರಿಗೆ ಅಪ್ಪನಿಂದಲೂ ಅಮ್ಮನಿಂದಲೂ, ಎರಡೂ ಕಡೆಯಿಂದ ಬಂದಿತ್ತು. ಮಾಸ್ಟರ್ ಮಾವನಿಗೂ ಹಾಗೆಯೇ. ಟೇಪಕ್ಕನಿಗೆ ಒಂದೇ ಕಡೆಯಿಂದ. ಹಿರಿಯ ಡಾಕ್ಟರು ಎಲ್ಲವನ್ನೂ ಎರಡು ಸಲ ಓದಿದರು. ಕನ್ನಡಕ ತೆಗೆದು, “ಮಾತ್ರೆ ತಗೊಂಡಿಲ್ಲ ಅಂದಿದ್ದು ನನ್ನ ತಪ್ಪು,” ಎಂದರು. ದೊಡ್ಡ ಮನುಷ್ಯರ ಬಾಯಿಂದ ಈ ಮಾತು ಕೇಳಿ ಕತ್ತರಿಗೆ ಏನು ಮಾಡಬೇಕೋ ತೋಚದೆ, “ಪರವಾಗಿಲ್ಲ ಸಾರ್, ನಿಮ್ಮ ಕೋಟಿನ ಭುಜ ಸ್ವಲ್ಪ ಇಳಿದಿದೆ, ಕಳಿಸಿಕೊಡಿ, ಸರಿಮಾಡ್ತೀನಿ,” ಎಂದನಂತೆ.

ಹಳೆಯ ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಿ, ಕಿವಿಗೆ ಹತ್ತಿ ಇಡುವ ಬದಲು ಕೂಗುವವನ ದನಿಯನ್ನೇ ತಗ್ಗಿಸುವ ಬೇರೆ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಸೇರಿಸಿದರು. ಇದರಿಂದ ಎಲ್ಲ ಸರಿಹೋಗುತ್ತದೆ ಎಂದು ಯಾರೂ ಮಾತು ಕೊಡಲಿಲ್ಲ. ಗಾಯವಾದರೆ ರಕ್ತ ನಿಲ್ಲುವುದು ತಡವಾಗಬಹುದು, ಹರಿತವಾದ್ದನ್ನು ಮುಟ್ಟದಿದ್ದರೆ ಒಳ್ಳೆಯದು ಎಂದು ಮಾತ್ರ ಹೇಳಿದರು. ಕತ್ತರಿ ಎಂದೇ ಹೆಸರಾದವನಿಗೆ ಹೇಳುವ ಮಾತೇ ಇದು! ಅವನು ಹೊಲಿಗೆ ಯಂತ್ರದ ಮುಂದೆ ಕೂರಲು ಸುತರಾಂ ಒಪ್ಪಲಿಲ್ಲ. ಅಕ್ಕ ತಮ್ಮ ಎರಡು ದಿನ ಮುಖ ಗಂಟು ಹಾಕಿಕೊಂಡು ಕೂತರು. ಬಿಡಿಸಿದ್ದು ಕಸಾಯಿಯವನು. ಮಾಂಸ ಕತ್ತರಿಸುವಾಗ ಎಡಗೈಗೆ ಹಾಕುವ ಉಕ್ಕಿನ ಬಲೆಯ ಕೈಗವಸು ಅವನ ಬಳಿ ಇನ್ನೊಂದು ಹೊಸದಿತ್ತು. “ತಗೊಳ್ಳಪ್ಪ. ನಾನು ಬಿದ್ದಿದ್ದನ್ನ ಯಾರಿಗೂ ಹೇಳ್ಬೇಡ,” ಎಂದು ಕೊಟ್ಟುಹೋದ. ಬೀದಿಯಲ್ಲಿ ಅದನ್ನು ತಿಳಿಯದವರೇ ಇರಲಿಲ್ಲ.

ಈಗ ಕತ್ತರಿ ಒಂದು ಕೈ ಯೋಧನದು, ಒಂದು ಕೈ ದರ್ಜಿಯದು ಎಂಬಂತೆ ನಿಂತು ಬಟ್ಟೆ ಕತ್ತರಿಸುತ್ತಾನೆ. ವರ್ಷದ ಮೇಲಾಯಿತು, ಮೂರನೆಯ ಹೆಪ್ಪು ಬಂದಿಲ್ಲ. ಬರುವುದಿಲ್ಲ ಎಂದು ಟೇಪಕ್ಕ ಯಾವತ್ತೂ ಹೇಳುವುದಿಲ್ಲ. “ಇವತ್ತು ಬಂದಿಲ್ಲ,” ಎನ್ನುತ್ತಾರೆ, ಅಂಗಡಿ ಮುಚ್ಚುವಾಗ.

ಮೊನ್ನೆ ಡಾಕ್ಟರಮ್ಮ ಬಂದಿದ್ದರು. ಊರೂರಿನ ಲೆಕ್ಕ ಮುಗಿದಿತ್ತು. ಚುರುಕು ಕಿವಿ ನಮ್ಮ ಊರವರಲ್ಲಿ ಕೆಲವು ಕಡೆಯವರಿಗಿಂತ ಹೆಚ್ಚು, ಕೆಲವು ಕಡೆಯವರಿಗಿಂತ ಕಡಿಮೆ. ಒಟ್ಟಿನಲ್ಲಿ ನಾವು ಎಲ್ಲೋ ಮಧ್ಯದವರು. ಹಡಗಿನಲ್ಲಿ ಬಂದವರಿಗೂ ಮೊದಲಿಂದ ಇದ್ದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವಂತೆ. ಇನ್ನು ಮುಂದೆ ಆಸ್ಪತ್ರೆಯಲ್ಲಿ ಮಾತ್ರೆ ನಾಟದವರು ಬಂದರೆ, ನುಂಗಿದೆಯಾ ಎಂದು ಗದರುವ ಮೊದಲು ಈ ಪರೀಕ್ಷೆ ಮಾಡುತ್ತಾರೆ. ಈ ಕೊನೆಯ ಮಾತನ್ನು ಟೇಪಕ್ಕ ಎರಡು ಸಲ ಹೇಳಿಸಿಕೊಂಡರು.

ಮಾಸ್ಟರ್ ಮಾವನಿಗೆ ಮಾತ್ರ ಮಧ್ಯ ಎಂಬುದು ಸಮಾಧಾನ ಕೊಡಲಿಲ್ಲ. ತಮಗೆ ಆ ಅಕ್ಷರ ಎರಡೂ ಕಡೆಯಿಂದ ಬಂದಿರುವುದನ್ನು ಅವರು ಈಗ ಬಿರುದಿನಂತೆ ಹೇಳಿಕೊಳ್ಳುತ್ತಾರೆ. ಬೀಡಿ ಬಿಡಿ, ಬಿಪಿ ನೋಡಿಸಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದೂ ಆ ಬಿರುದಿನ ಜೊತೆಗೆ ಬಂದ ಮರ್ಯಾದೆಯೆಂದೇ ಅವರ ಭಾವನೆ. ಮಗಳಿಗೆ ಗಂಡು ಗೊತ್ತಾದಾಗ ಬೀಗರಿಗೂ ತಾವೇ ಇದನ್ನು ಸವಿಸ್ತಾರವಾಗಿ ವಿವರಿಸಿದ್ದರು. ಡಾಕ್ಟರಮ್ಮ ಹೋದ ಮೇಲೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಕೈ ಕಟ್ಟಿಕೊಂಡು, ಸಭೆಯ ಅಧ್ಯಕ್ಷರಂತೆ ನಿಂತು ಕೇಳಿದರು:

“ಅಲ್ಲಮ್ಮ, ಇಷ್ಟು ಊರು ಸುತ್ತಿ, ಇಷ್ಟು ಜನರ ರಕ್ತ ನೋಡಿದ್ರಲ್ಲ, ಕೊನೆಗೂ ಯಾವ ಜನರ ರಕ್ತ ಶ್ರೇಷ್ಠ ಅಂತ ಗೊತ್ತಾಯ್ತು?”

ಟೇಪಕ್ಕ ಹಲ್ಲಿನಿಂದ ದಾರ ಕಡಿದರು.

“ಕುಯ್ದಾಗ ನಿಲ್ಲೋದು. ಮಿಕ್ಕ ಹೊತ್ತು ಹರಿಯೋದು.”